ಕೋಳಿ ಕುಣಿತದಿಂದ ಕೆಂಪು ಕೊಡೆಯವರೆಗೆ: ಒಂದು ನಗೆಯ ಬ್ಯಾಲೆಯನ್ನು ತೆರೆಯ ಮೇಲೆ ನೋಡುವ ಬಗೆ

ಬ್ಯಾಲೆ ಎಂದ ಕೂಡಲೇ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಬಿಳಿಯ ಉಡುಪು, ಕಾಲ್ಬೆರಳ ತುದಿಯಲ್ಲಿ ನಿಂತ ತೆಳ್ಳನೆಯ ಹುಡುಗಿ, ಎದೆ ಕಲಕುವ ಸಂಗೀತ, ಕೊನೆಗೆ ಸಾವು. ಹಂಸವಾಗಿ ಸಾಯುವವಳು ಒಬ್ಬಳು, ಪ್ರೇಮದಲ್ಲಿ ಮೋಸಹೋಗಿ ಬುದ್ಧಿಭ್ರಮಣೆಯಾಗಿ ಸಾಯುವವಳು ಮತ್ತೊಬ್ಬಳು. ದೂರದರ್ಶನದಲ್ಲಿ ಎಂದಾದರೂ ಇಂಥ ನೃತ್ಯ ಬಂದರೆ ಮನೆಯ ಹಿರಿಯರು "ಕೂತು ನೋಡಿ, ದೊಡ್ಡ ಕಲೆ" ಎನ್ನುತ್ತಾರೆ. ಮಕ್ಕಳು ಹತ್ತು ನಿಮಿಷ ಪರೀಕ್ಷೆಗೆ ಕೂತವರಂತೆ ಕೂತು, ಹನ್ನೊಂದನೆಯ ನಿಮಿಷಕ್ಕೆ ಮೆಲ್ಲಗೆ ಎದ್ದು ಹೋಗುತ್ತಾರೆ. ದೊಡ್ಡ ಕಲೆಯ ಮುಂದೆ ನಗಬಾರದು, ಗಂಭೀರವಾಗಿರಬೇಕು ಎಂಬ ಒಂದು ತಪ್ಪು ಭಾವನೆಯೇ ಇದಕ್ಕೆ ಅರ್ಧ ಕಾರಣ ಎಂದು ನನಗೆ ಅನಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, ಈ ಮಾತುಕತೆಗೆ ನಾನು ಆರಿಸಿಕೊಂಡಿರುವ ಬ್ಯಾಲೆ ಕೋಳಿಗಳ ಕುಣಿತದಿಂದ ಆರಂಭವಾಗುತ್ತದೆ. ಪರದೆ ಸರಿದಾಗ ಒಂದು ಹಳ್ಳಿಯ ಮನೆಯ ಅಂಗಳ, ಬೆಳಗಿನ ಹೊತ್ತು. ಒಂದು ಹುಂಜ, ನಾಲ್ಕು ಹೇಂಟೆಗಳು. ಮೈತುಂಬ ಪುಕ್ಕದ ವೇಷ ತೊಟ್ಟ ಐವರು ನುರಿತ ನರ್ತಕರು ಕತ್ತು ಕೊಂಕಿಸಿ, ಕಾಲು ಕೆದರಿ, ರೆಕ್ಕೆ ಬಡಿದು ಕುಣಿಯುತ್ತಾರೆ. ಅಲ್ಲಿ ನಗದವನು ಎಲ್ಲಿಯೂ ನಗಲಾರ. ಬ್ಯಾಲೆಯ ಹೆಸರು 'ಲಾ ಫೀಯ್ ಮಾಲ್ ಗಾರ್ದೇ'. ಫ್ರೆಂಚ್ ಭಾಷೆಯ ಈ ಹೆಸರನ್ನು ಕನ್ನಡಕ್ಕೆ ತರುವುದಾದರೆ 'ಕಾವಲು ಸಾಲದ ಹುಡುಗಿ' ಎನ್ನಬಹುದು. ಅಮ್ಮ ಎಷ್ಟು ಕಾವಲಿದ್ದರೂ ಕೈಗೆ ಸಿಗದೆ ನುಣುಚಿಕೊಳ್ಳುವ ಮಗಳ ಕಥೆ ಇದು.

ಕಥೆ ತೀರ ಸರಳ. ಸಿಮೋನ್ ಎಂಬ ವಿಧವೆಗೆ ಲೀಜ್ ಎಂಬ ಒಬ್ಬಳೇ ಮಗಳು. ಲೀಜ್‌ಗೆ ಕೊಲಾ ಎಂಬ ಯುವಕ ರೈತನ ಮೇಲೆ ಮನಸ್ಸು. (ಹೆಸರು ಕೇಳಿ ಬಾಟಲಿಯ ಪಾನೀಯ ನೆನಪಾದರೆ ಅದು ನಿಮ್ಮ ತಪ್ಪಲ್ಲ; ಆದರೆ ಅದಕ್ಕೂ ಇವನಿಗೂ ಸಂಬಂಧವಿಲ್ಲ.) ತಾಯಿಗೋ ಮಗಳನ್ನು ದ್ರಾಕ್ಷಿ ತೋಟದ ಸಾಹುಕಾರ ಥಾಮಸನ ಮಗ ಅಲೆನ್‌ಗೆ ಕೊಡಬೇಕೆಂಬ ಆಸೆ. ಅಲೆನ್ ಒಳ್ಳೆಯ ಹುಡುಗ, ಆದರೆ ಬುದ್ಧಿ ಬೆಳೆಯದವನು; ಅವನಿಗೆ ಪ್ರಪಂಚದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ತನ್ನ ಕೆಂಪು ಕೊಡೆ. ಮೊದಲ ಅಂಕದಲ್ಲಿ ಅಂಗಳದ ಕಣ್ಣಾಮುಚ್ಚಾಲೆ, ಹೊಲದಲ್ಲಿ ಸುಗ್ಗಿಯ ಕುಣಿತ, ಕೊನೆಗೆ ಬಿರುಗಾಳಿ ಮಳೆ. ಎರಡನೆಯ ಅಂಕ ಇಡಿಯಾಗಿ ಮನೆಯೊಳಗೆ. ಕೊಲಾ ಹುಲ್ಲಿನ ಕಟ್ಟುಗಳ ನಡುವೆ ಅಡಗಿ ಮನೆ ಸೇರುತ್ತಾನೆ. ತಾಯಿ ಬರುವ ಸದ್ದು ಕೇಳಿ ಲೀಜ್ ಅವನನ್ನು ಮೇಲಿನ ತನ್ನ ಕೋಣೆಗೆ ತಳ್ಳುತ್ತಾಳೆ. ಏನೋ ನಡೆದಿದೆ ಎಂದು ಸಂಶಯಪಟ್ಟ ತಾಯಿ ಮಗಳನ್ನೂ ಅದೇ ಕೋಣೆಗೆ ತಳ್ಳಿ ಬೀಗ ಹಾಕುತ್ತಾಳೆ! ಆಮೇಲೆ ಸಾಹುಕಾರ, ಅಲೆನ್, ಕರಾರುಪತ್ರ ಬರೆಯುವ ಅಧಿಕಾರಿ ಎಲ್ಲರೂ ಬರುತ್ತಾರೆ. ಕಾಗದಕ್ಕೆ ಸಹಿ ಬೀಳುತ್ತದೆ. ಬೀಗದ ಕೈ ಅಲೆನ್‌ನ ಕೈಗೆ ಬರುತ್ತದೆ. ಅವನು ಬಾಗಿಲು ತೆರೆದಾಗ ಏನು ಕಾಣುತ್ತದೆ ಎಂದು ಹೇಳಬೇಕಾಗಿಲ್ಲ.

ಈ ಕಥೆಗೆ ಇನ್ನೂರು ವರ್ಷ ದಾಟಿದೆ. ಫ್ರಾನ್ಸಿನ ಬೋರ್ಡೋ ನಗರದಲ್ಲಿ 1789ರ ಜುಲೈ 1ರಂದು ಜಾನ್ ಡೋಬರ್ವಾಲ್ ಎಂಬ ನೃತ್ಯ ಸಂಯೋಜಕ ಇದನ್ನು ಮೊದಲು ರಂಗಕ್ಕೆ ತಂದ. ಇತಿಹಾಸದ ವಿದ್ಯಾರ್ಥಿಗಳು ಆ ತಾರೀಖನ್ನು ಕೇಳಿ ಕಿವಿ ನಿಮಿರಿಸಬೇಕು. ಅಲ್ಲಿಂದ ಎರಡೇ ವಾರಕ್ಕೆ, ಜುಲೈ 14ರಂದು, ಪ್ಯಾರಿಸ್ಸಿನಲ್ಲಿ ಬಾಸ್ಟೀಲ್ ಸೆರೆಮನೆ ಜನರ ಕೈಗೆ ಬಿತ್ತು; ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಅದುವರೆಗೆ ಬ್ಯಾಲೆಯ ರಂಗದ ಮೇಲೆ ಮುಖ್ಯವಾಗಿ ಕಾಣುತ್ತಿದ್ದವರು ಗ್ರೀಕ್ ರೋಮನ್ ದೇವತೆಗಳು, ರಾಜರು, ವೀರರು. ಹಳ್ಳಿಯವರು ಬಂದರೂ ಅಲಂಕಾರಕ್ಕೆ ಮಾತ್ರ. ಡೋಬರ್ವಾಲ್‌ನ ಬ್ಯಾಲೆಯಲ್ಲಿ ಕೊಯ್ಲಿನವರು, ಬೆಣ್ಣೆ ಕಡೆಯುವ ಹುಡುಗಿ, ಹಣದಾಸೆಯ ತಾಯಿ ಇವರೇ ಕಥೆಯ ಒಡೆಯರು. ಇದನ್ನು ಕ್ರಾಂತಿಯ ನಾಟಕ ಎಂದು ಕರೆಯುವುದು ಅತಿಯಾದೀತು. ಆದರೂ ಸಾಹುಕಾರನ ಕರಾರುಪತ್ರ ಕೊನೆಯಲ್ಲಿ ಹರಿದು ಚೂರಾಗುವುದನ್ನು ಆ ತಿಂಗಳಿನ ಪ್ರೇಕ್ಷಕರು ಸುಮ್ಮನೆ ನೋಡಿರಲಾರರು.

ಡೋಬರ್ವಾಲ್ ಹಾಕಿಸಿದ ಹೆಜ್ಜೆಗಳು ಇಂದು ಯಾರಿಗೂ ಗೊತ್ತಿಲ್ಲ. ನೃತ್ಯ ಎನ್ನುವುದು ಕುಣಿದ ಮೈಯ ಜೊತೆಗೇ ಹೋಗಿಬಿಡುವ ಕಲೆ. ಕವಿತೆಗೆ ಪುಸ್ತಕವಿದೆ, ಸಂಗೀತಕ್ಕೆ ಸ್ವರಲಿಪಿಯಿದೆ. ಹೆಜ್ಜೆಗೆ ಬಹುಕಾಲ ಗುರುವಿನ ನೆನಪೇ ಗತಿಯಾಗಿತ್ತು. ಹೀಗಾಗಿ ಕಥೆ ಉಳಿಯಿತು, ಹೆಸರು ಉಳಿಯಿತು. ಕುಣಿತ ಊರಿನಿಂದ ಊರಿಗೆ, ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಹೋಯಿತು. ಸಂಗೀತವೂ ಬದಲಾಯಿತು. 1828ರಲ್ಲಿ ಪ್ಯಾರಿಸ್ಸಿನಲ್ಲಿ ಎರೋಲ್ಡ್ ಎಂಬ ಸಂಗೀತಗಾರ ಹೊಸ ಸಂಗೀತ ಹೊಂದಿಸಿದ. 1864ರಲ್ಲಿ ಬರ್ಲಿನ್ನಿನಲ್ಲಿ ಹರ್ಟೆಲ್ ಎಂಬಾತ ಮತ್ತೊಂದನ್ನು ರಚಿಸಿದ. ರಷ್ಯಾದವರು ಹರ್ಟೆಲ್‌ನ ಸಂಗೀತದೊಂದಿಗೆ ಅದನ್ನು ಬಹುಕಾಲ ಜೋಪಾನ ಮಾಡಿದರು.

ನಾವು ಇಂದು ಚಿತ್ರಗಳಲ್ಲಿ ಹೆಚ್ಚಾಗಿ ನೋಡುವುದು ಇಂಗ್ಲೆಂಡಿನ ಫ್ರೆಡರಿಕ್ ಆಷ್ಟನ್ ಹೊಸದಾಗಿ ಸಂಯೋಜಿಸಿದ ರೂಪವನ್ನು. ಅದರ ಮೊದಲ ಪ್ರದರ್ಶನ 1960ರ ಜನವರಿ 28ರಂದು, ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ, ರಾಯಲ್ ಬ್ಯಾಲೆ ತಂಡದಿಂದ ನಡೆಯಿತು. ಆಷ್ಟನ್ ಹುಟ್ಟಿದ್ದು ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದಲ್ಲಿ, ಬೆಳೆದದ್ದು ಪೆರು ದೇಶದ ಲಿಮಾ ನಗರದಲ್ಲಿ. ಅಲ್ಲಿಗೆ 1917ರಲ್ಲಿ ಬಂದ ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾಳನ್ನು ನೋಡಿ ಆ ಹುಡುಗ ನೃತ್ಯಕ್ಕೆ ಮನಸೋತ. ನಮ್ಮ ಉದಯ ಶಂಕರ್ ಅವರನ್ನು 1923ರಲ್ಲಿ ತನ್ನ ಜೊತೆ ರಾಧಾಕೃಷ್ಣರ ನೃತ್ಯಕ್ಕೆ ಸೇರಿಸಿಕೊಂಡವಳೂ ಇದೇ ಪಾವ್ಲೋವಾ. ಆ ಉದಯ ಶಂಕರ್ ಮುಂದೆ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ತೆಗೆದ 'ಕಲ್ಪನಾ' (1948) ನೃತ್ಯವನ್ನೇ ಉಸಿರಾಗಿಸಿಕೊಂಡ ನಮ್ಮ ದೇಶದ ಚಲನಚಿತ್ರ. ಅದರ ವಿಚಾರ ಇನ್ನೊಂದು ಸಲ.

ಆಷ್ಟನ್‌ಗಾಗಿ ಜಾನ್ ಲ್ಯಾಂಚ್‌ಬೆರಿ ಎರೋಲ್ಡ್‌ನ ಹಳೆಯ ಸಂಗೀತವನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿದು ಕೊಟ್ಟ. ರಂಗಸಜ್ಜಿಕೆ ಮತ್ತು ವೇಷಭೂಷಣ ಆಸ್ಬರ್ಟ್ ಲ್ಯಾಂಕಾಸ್ಟರ್‌ನದು. ಈತ ಲಂಡನ್ನಿನ ದಿನಪತ್ರಿಕೆಯೊಂದರಲ್ಲಿ ಪುಟ್ಟ ವ್ಯಂಗ್ಯಚಿತ್ರಗಳನ್ನು ಬರೆದು ಹೆಸರಾದವನು. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರ ಜಾತಿಯವನು ಎನ್ನಿ. ಆದ್ದರಿಂದ ರಂಗದ ಮೇಲಿನ ಹಳ್ಳಿ ನಿಜವಾದ ಹಳ್ಳಿಯಂತಿಲ್ಲ, ಬಣ್ಣದ ವ್ಯಂಗ್ಯಚಿತ್ರದಂತಿದೆ. ಆ ಚಿತ್ರದೊಳಕ್ಕೆ ಒಂದು ನಿಜವಾದ ಕುದುರೆ ಮರಿಯಷ್ಟು ಗಿಡ್ಡನೆಯ ಬಿಳಿ ಕುದುರೆ ಗಾಡಿ ಎಳೆದುಕೊಂಡು ಬರುತ್ತದೆ. ಪ್ರೇಕ್ಷಕರು ನರ್ತಕರನ್ನು ಮರೆತು ಅದನ್ನೇ ನೋಡುತ್ತಾರೆ. ಅದು ಏನು ಮಾಡೀತೋ ಎಂಬ ಅಳುಕು ರಂಗದ ಮೇಲಿನವರಿಗೂ ಇದ್ದೀತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾತಿಲ್ಲದ ಈ ನೃತ್ಯ ನಮ್ಮನ್ನು ನಗಿಸುವುದು ಹೇಗೆ? ಮುಖ ಸೊಟ್ಟ ಮಾಡಿದರೆ, ಎಡವಿ ಬಿದ್ದರೆ ಯಾರು ಬೇಕಾದರೂ ನಗುತ್ತಾರೆ. ಅದಕ್ಕೆ ಹತ್ತು ವರ್ಷದ ಅಭ್ಯಾಸ ಬೇಕಾಗಿಲ್ಲ. ಬ್ಯಾಲೆಯ ಹಾಸ್ಯ ಹುಟ್ಟುವುದು ಬೇರೆ ಕಡೆಯಿಂದ. ಬ್ಯಾಲೆಗೆ ಕೆಲವು ಕಟ್ಟುನಿಟ್ಟಾದ ನಿಯಮಗಳಿವೆ. ಸೊಂಟದ ಕೀಲಿನಿಂದಲೇ ಕಾಲು ಹೊರಕ್ಕೆ ತಿರುಗಿರಬೇಕು. (ಭರತನಾಟ್ಯದ ಅರಮಂಡಿಯಲ್ಲೂ ಪಾದಗಳು ಹೀಗೆ ಹೊರಕ್ಕೆ ತೆರೆದಿರುವುದನ್ನು ನೀವು ನೋಡಿದ್ದೀರಿ.) ನೆಲ ಬಿಟ್ಟ ಪಾದ ಚೂಪಾಗಿ ಚಾಚಿರಬೇಕು. ಬೆನ್ನು ನೆಟ್ಟಗಿರಬೇಕು. ಎಷ್ಟೇ ಕಷ್ಟವಾದರೂ ಮುಖದಲ್ಲಿ ಆಯಾಸ ಕಾಣಬಾರದು. ಹಾಸ್ಯ ನರ್ತಕ ಈ ನಿಯಮಗಳಲ್ಲಿ ಒಂದೇ ಒಂದನ್ನು, ಅದೂ ಬೇಕಾದಷ್ಟೇ ಅಳತೆಯಲ್ಲಿ ಮುರಿಯುತ್ತಾನೆ. ಉಳಿದವನ್ನು ಚಾಚೂ ತಪ್ಪದೆ ಪಾಲಿಸುತ್ತಾನೆ. ಎಲ್ಲವನ್ನೂ ಮುರಿದರೆ ಅದು ಗೊಂದಲ. ಒಂದನ್ನು ಮುರಿದಾಗ ಮಾತ್ರ ನಗೆ.

ಅಲೆನ್‌ನ ಪಾತ್ರವನ್ನು ನೋಡಿ. ಅವನ ಮಂಡಿಗಳು ಒಳಮುಖ, ಪಾದಗಳು ಚಾಚುವ ಬದಲು ಮೇಲಕ್ಕೆ ಮಡಿಸಿಕೊಂಡಿವೆ. ಅವನು ಹಾರುವ ಹಾರಿಕೆಗಳು, ಗಿರ್ರನೆ ತಿರುಗುವ ಸುತ್ತುಗಳು ನಾಯಕ ಕೊಲಾನ ಹೆಜ್ಜೆಗಳಿಗೆ ದೂರದ ನೆಂಟರು. ಒಂದನ್ನು ನೋಡಿ ಇನ್ನೊಂದನ್ನು ನೋಡಿದರೆ, ಸರಿಯಾದ ವಾಕ್ಯವನ್ನೂ ಅದೇ ವಾಕ್ಯವನ್ನು ಕಾಗುಣಿತ ತಪ್ಪಿ ಬರೆದದ್ದನ್ನೂ ಪಕ್ಕಪಕ್ಕದಲ್ಲಿ ಓದಿದ ಹಾಗಿರುತ್ತದೆ. ಹಾಗೆ ತಪ್ಪು ಮಾಡಬೇಕಾದರೆ ಸರಿ ಯಾವುದೆಂದು ಚೆನ್ನಾಗಿ ಬಲ್ಲವನೇ ಆಗಬೇಕು. ಒಳಕ್ಕೆ ತಿರುಗಿದ ಕಾಲಿನಲ್ಲಿ ಹಾರಿ ಇಳಿಯುವುದು ಮಂಡಿಗೆ ಅಪಾಯ. ಅಪಾಯವಾಗದಂತೆ ಅಡ್ಡಾದಿಡ್ಡಿಯಾಗಿ ಕಾಣುವುದೇ ವಿದ್ಯೆ. 1960ರಲ್ಲಿ ಈ ಪಾತ್ರವನ್ನು ಮೊದಲು ಮಾಡಿದ ಅಲೆಕ್ಸಾಂಡರ್ ಗ್ರ್ಯಾಂಟ್ ಇಂಥ ಪಾತ್ರಗಳಲ್ಲಿ ಎತ್ತಿದ ಕೈ.

ಕೋಳಿಗಳ ಕುಣಿತವೂ ಹೀಗೆಯೇ. ಮೊದಲ ಸಲ ನೋಡುವಾಗ ನಾವು ಪುಕ್ಕಕ್ಕೆ ನಗುತ್ತೇವೆ. ಎರಡನೆಯ ಸಲ ನೋಡುವಾಗ ಕಾಲುಗಳನ್ನು ನೋಡಿ. ಐದು ಕೋಳಿಗಳೂ ತಾಳ ಬಿಡುವುದಿಲ್ಲ. ಕೆದರುವ ಕಾಲು ಎಲ್ಲರದೂ ಒಂದೇ ಮಾತ್ರೆಗೆ ಬೀಳುತ್ತದೆ. ಕೋಳಿಗೆ ಶಿಸ್ತು ಇಲ್ಲ, ಇಲ್ಲಿಯ ಕೋಳಿಗೆ ಇದೆ. ತಮಾಷೆಯಿರುವುದು ಆ ವಿರೋಧದಲ್ಲಿ. ಚಲನಚಿತ್ರದ ಒಂದು ದೊಡ್ಡ ಉಪಕಾರವೂ ಇದೇ. ರಂಗಮಂದಿರದಲ್ಲಿ ನಗೆ ಒಂದು ಸಲ ಬಂದು ಹೋಗುತ್ತದೆ. ಏಕೆ ನಕ್ಕೆವೆಂದು ಕೇಳಿಕೊಳ್ಳುವಷ್ಟರಲ್ಲಿ ಮುಂದಿನ ದೃಶ್ಯ. ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಬಹುದು. ಮೊದಲ ಸಲ ನಗುವುದಕ್ಕೆ, ಎರಡನೆಯ ಸಲ ನಗೆ ಎಲ್ಲಿಂದ ಬಂತೆಂದು ಹುಡುಕುವುದಕ್ಕೆ.

ಸಿಮೋನ್ ಪಾತ್ರವನ್ನು ಆಡುವುದು ಗಂಡಸು. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಯಕ್ಷಗಾನದ ಸ್ತ್ರೀವೇಷ, ಕಂಪನಿ ನಾಟಕಗಳ ಸ್ತ್ರೀಪಾತ್ರಧಾರಿಗಳು ನಮಗೆ ಪರಿಚಿತರೇ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಒಳ್ಳೆಯ ಸ್ತ್ರೀವೇಷಧಾರಿ ತಾನು ಗಂಡಸೆಂಬುದನ್ನು ಮರೆಸುತ್ತಾನೆ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳಿಗಾಗಿ ಆಡುವ ಪ್ಯಾಂಟೊಮೈಮ್ ನಾಟಕಗಳಲ್ಲಿ ಗಂಡಸೊಬ್ಬ ಮುದುಕಿಯ ವೇಷ ಹಾಕಿ ಅದನ್ನು ಮರೆಸದೆಯೇ ನಗಿಸುತ್ತಾನೆ. ಆಷ್ಟನ್‌ನ ಸಿಮೋನ್ ಈ ಎರಡನೆಯ ಮನೆತನಕ್ಕೆ ಸೇರಿದವಳು. ಹೀಗಿದ್ದೂ ಒಳ್ಳೆಯ ನಟ ಅವಳನ್ನು ಬರಿಯ ಬಫೂನು ಮಾಡುವುದಿಲ್ಲ. ಗಂಡ ಸತ್ತ ಮೇಲೆ ಹೊಲಮನೆ ನಡೆಸಿಕೊಂಡು ಬಂದ ಹೆಂಗಸು ಅವಳು. ಮಗಳ ಮದುವೆ ಅವಳಿಗೆ ಲೆಕ್ಕಾಚಾರದ ವಿಷಯ, ಅಷ್ಟೇ ಅಂಜಿಕೆಯ ವಿಷಯ ಕೂಡ.

ಅವಳ ಅತ್ಯಂತ ಪ್ರಸಿದ್ಧ ಕುಣಿತ ಮರದಟ್ಟೆಯ ಬೂಟುಗಳದು. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಹತ್ತಿಗಿರಣಿ ಕೆಲಸಗಾರರು ಮರದ ಅಟ್ಟೆಯ ಬೂಟು ಹಾಕುತ್ತಿದ್ದರು; ಅವುಗಳಿಂದ ನೆಲದ ಮೇಲೆ ಟಕಟಕನೆ ತಾಳ ಹಾಕುವ ಜಾನಪದ ಕುಣಿತ ಅಲ್ಲಿ ಬೆಳೆದಿತ್ತು. ಫ್ರೆಂಚ್ ಕಥೆಯೊಳಕ್ಕೆ ಆಷ್ಟನ್ ಅದನ್ನು ಧೈರ್ಯವಾಗಿ ಎಳೆದು ತಂದ. ಹುಡುಗಿಯರು ಬೂಟುಗಳನ್ನು ತಂದು ಮುಂದಿಡುತ್ತಾರೆ. ಸಿಮೋನ್ ಮೊದಲು ಬೇಡ ಬೇಡವೆನ್ನುತ್ತಾಳೆ. ಬೇಡವೆನ್ನುತ್ತಲೇ ಕಾಲು ತಾಳ ಹಾಕಲು ಆರಂಭಿಸಿರುತ್ತದೆ. ಮದುವೆ ಮನೆಯಲ್ಲಿ ಹಾಡು ಹೇಳಿರೆಂದರೆ "ಅಯ್ಯೋ, ನನಗೇನು ಬರುತ್ತೆ" ಎಂದು ನಾಚಿ, ಆಮೇಲೆ ನಿಲ್ಲಿಸಲಾಗದಂತೆ ಹಾಡುವ ಅತ್ತೆಯಂದಿರು ಎಲ್ಲ ಊರಿನಲ್ಲೂ ಇದ್ದಾರೆ! ಈ ಒಂದು ಕುಣಿತಕ್ಕೆ ಮಾತ್ರ ಲ್ಯಾಂಚ್‌ಬೆರಿ ಹರ್ಟೆಲ್‌ನ ಸಂಗೀತದಿಂದ ಒಂದು ಧಾಟಿಯನ್ನು ಎರವಲು ತೆಗೆದುಕೊಂಡ. ಇಲ್ಲಿ ಕಿವಿಗೂ ಕೆಲಸವಿದೆ. ಮರದಟ್ಟೆಯ ಸದ್ದೇ ಒಂದು ವಾದ್ಯ. ಒಳ್ಳೆಯ ಚಿತ್ರೀಕರಣದಲ್ಲಿ ಆ ಸದ್ದು ವಾದ್ಯವೃಂದದ ಅಡಿಯಲ್ಲಿ ಮುಳುಗಿ ಹೋಗುವುದಿಲ್ಲ.

ಎಲ್ಲವೂ ನಗೆಯೇ ಆದರೆ ನಾಲಿಗೆಗೆ ಬರಿಯ ಸಿಹಿ ತಿಂದ ಹಾಗಾಗುತ್ತದೆ. ಆಷ್ಟನ್ ನಡುನಡುವೆ ಶುದ್ಧ ನೃತ್ಯದ ಭಾಗಗಳನ್ನು ಇಟ್ಟಿದ್ದಾನೆ. ಲೀಜ್ ಮತ್ತು ಕೊಲಾ ಒಂದು ಗುಲಾಬಿ ಬಣ್ಣದ ಉದ್ದನೆಯ ರಿಬ್ಬನ್ ಹಿಡಿದು ಕುಣಿಯುತ್ತಾರೆ. ಅದು ಒಮ್ಮೆ ಕುದುರೆಯ ಲಗಾಮು, ಒಮ್ಮೆ ಮಕ್ಕಳು ಬೆರಳಿಗೆ ದಾರ ಸುತ್ತಿ ಆಡುವ ಬಲೆಯಾಟ. ಇಬ್ಬರ ಮೈಯನ್ನು ಸುತ್ತಿ ಗಂಟಾಯಿತು ಎನ್ನುವಷ್ಟರಲ್ಲಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಹೊಲದ ದೃಶ್ಯದಲ್ಲಿ ಲೀಜ್ ಒಂಟಿ ಕಾಲಿನ ಬೆರಳ ತುದಿಯಲ್ಲಿ ನಿಂತು ಹಲವು ರಿಬ್ಬನ್ನುಗಳ ತುದಿಗಳನ್ನು ಕೈಯಲ್ಲಿ ಹಿಡಿದಿರುತ್ತಾಳೆ. ಇನ್ನೊಂದು ತುದಿ ಹಿಡಿದ ಗೆಳತಿಯರು ಸುತ್ತ ನಡೆಯುತ್ತಿದ್ದಂತೆ ಅವಳು ಚಕ್ರದ ಗುಂಬದಂತೆ ನಿಧಾನವಾಗಿ ತಿರುಗುತ್ತಾಳೆ. ಆ ಕ್ಷಣದಲ್ಲಿ ಯಾರೂ ನಗುವುದಿಲ್ಲ, ಉಸಿರು ಹಿಡಿದು ನೋಡುತ್ತಾರೆ. ಕಂಬದ ಸುತ್ತ ರಿಬ್ಬನ್ ಹೆಣೆಯುವ ಒಂದು ಸಾಮೂಹಿಕ ಕುಣಿತವೂ ಇದೆ. ಅದನ್ನು ನೋಡಿದ ಕೂಡಲೇ ನಮ್ಮ ಜಡೆ ಕೋಲಾಟ ನೆನಪಾಗದೆ ಇರದು. ಹೆಣಿಗೆ ತಪ್ಪದಂತೆ ಸುತ್ತುವ ಲೆಕ್ಕ ಎರಡರಲ್ಲೂ ಒಂದೇ.

ಎರಡನೆಯ ಅಂಕದಲ್ಲಿ ಒಂದು ಪುಟ್ಟ ಮೂಕಾಭಿನಯವಿದೆ. ನನ್ನ ಮಟ್ಟಿಗೆ ಇಡೀ ಬ್ಯಾಲೆಯ ತಿರುಳು ಅದೇ. ಮನೆಯಲ್ಲಿ ತಾನೊಬ್ಬಳೇ ಇದ್ದೇನೆಂದು ತಿಳಿದ ಲೀಜ್ ತನ್ನ ಮದುವೆಯನ್ನು ಕಲ್ಪಿಸಿಕೊಳ್ಳುತ್ತಾಳೆ. ಮದುವೆಯ ಉಡುಪು, ಆಮೇಲೆ ಹೊಟ್ಟೆ, ಆಮೇಲೆ ಮಕ್ಕಳು. ಕೈ ಅಳತೆ ತೋರಿಸುತ್ತ ಹೋಗುತ್ತದೆ, ಇಷ್ಟೆತ್ತರದ್ದು ಒಂದು, ಅದಕ್ಕಿಂತ ಗಿಡ್ಡ ಇನ್ನೊಂದು. ಒಂದಕ್ಕೆ ಗದರಿಕೆ, ಒಂದಕ್ಕೆ ಏಟು, ಕೈಗೂಸಿಗೆ ತೂಗಾಟ. ಆ ಹೊತ್ತಿಗೆ ಹುಲ್ಲಿನ ಕಟ್ಟುಗಳ ಮಧ್ಯದಿಂದ ಕೊಲಾ ಎದ್ದು ನಿಲ್ಲುತ್ತಾನೆ. ಎಲ್ಲವನ್ನೂ ನೋಡಿಬಿಟ್ಟಿದ್ದಾನೆ! ಅವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದ ಹಾಗಾಗುತ್ತದೆ. ನಾವು ನಗುತ್ತೇವೆ, ಆದರೆ ಹಿಂದಿನ ಕ್ಷಣದವರೆಗೆ ತುಂಟ ಹುಡುಗಿಯಾಗಿ ಕಂಡವಳಿಗೆ ಈ ಆಟದಲ್ಲಿ ಕಳೆದುಕೊಳ್ಳುವಂಥದು ಎಷ್ಟಿದೆ ಎಂಬುದೂ ಆಗಲೇ ತಿಳಿಯುತ್ತದೆ. ಬೇಡದ ಮದುವೆಯೊಂದು ಬಾಗಿಲಿಗೆ ಬಂದು ನಿಂತಿದೆ. ಈ ಅಭಿನಯವನ್ನು ಆಷ್ಟನ್‌ಗೆ ಹೇಳಿಕೊಟ್ಟವಳು ಹಿರಿಯ ನರ್ತಕಿ ತಮಾರಾ ಕರ್ಸಾವಿನಾ. ರಷ್ಯಾದಲ್ಲಿ ತಾನು ಕಲಿತದ್ದನ್ನು ಆಕೆ ಅರ್ಧ ಶತಮಾನದ ನಂತರ ಲಂಡನ್ನಿನಲ್ಲಿ ಕೈಯಿಂದ ಕೈಗೆ ದಾಟಿಸಿದಳು. ಹಳೆಯದರಲ್ಲಿ ಉಳಿದು ಬಂದದ್ದು ಹೆಜ್ಜೆಯಲ್ಲ, ಅಭಿನಯ ಎಂಬುದು ಕುತೂಹಲದ ಸಂಗತಿ.

ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಹಲ್ಲು ಕಾಣಿಸದ ಸ್ಮಿತದಿಂದ ಹಿಡಿದು ಹೊಟ್ಟೆ ಹಿಡಿದು ನಗುವ ಅತಿಹಸಿತದವರೆಗೆ. ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಓದುವವರು ಈ ಬ್ಯಾಲೆಯನ್ನು ಮುಂದಿಟ್ಟುಕೊಂಡು ಯಾವ ದೃಶ್ಯಕ್ಕೆ ಯಾವ ನಗೆ ಎಂದು ಗುರುತು ಹಾಕಿ ನೋಡಬಹುದು. ಕೋಳಿಗಳಿಗೆ ಬರುವ ನಗೆ ಬೇರೆ, ಈ ಮೂಕಾಭಿನಯಕ್ಕೆ ಬರುವ ನಗೆ ಬೇರೆ.

ಇನ್ನು ಕ್ಯಾಮೆರಾದ ಮಾತು. ರಂಗಮಂದಿರದಲ್ಲಿ ಎಲ್ಲಿ ನೋಡಬೇಕೆಂದು ನಾವೇ ತೀರ್ಮಾನಿಸುತ್ತೇವೆ. ಚಿತ್ರದಲ್ಲಿ ನಿರ್ದೇಶಕ ತೀರ್ಮಾನಿಸುತ್ತಾನೆ. ಇದು ಲಾಭವೂ ಹೌದು, ನಷ್ಟವೂ ಹೌದು. ಬಾಲ್ಕನಿಯ ಕೊನೆಯ ಸಾಲಿನವನಿಗೆ ಲೀಜ್‌ಳ ಕಣ್ಣಂಚಿನ ತುಂಟತನ ಕಾಣದು. ನಿಕಟ ಚಿತ್ರದಲ್ಲಿ ಅದು ನಿಮ್ಮ ಮನೆಯ ಕೋಣೆಗೇ ಬರುತ್ತದೆ. ಆದರೆ ಮುಖ ತೋರಿಸಿದಾಗ ಕಾಲು ತೆರೆಯಿಂದ ಆಚೆ ಹೋಗುತ್ತದೆ. ಬೆರಳ ತುದಿಯಲ್ಲಿ ನಿಂತವಳ ಬೆರಳನ್ನೇ ಕತ್ತರಿಸಿ ತೋರಿಸುವ ಚಿತ್ರಗಳೂ ಇವೆ. ಹಾಲಿವುಡ್ಡಿನ ನರ್ತಕ ಫ್ರೆಡ್ ಆಸ್ಟೇರ್ ತಾನು ಕುಣಿಯುವಾಗ ತಲೆಯಿಂದ ಕಾಲಿನವರೆಗೆ ಇಡೀ ದೇಹ ಚೌಕಟ್ಟಿನಲ್ಲಿ ಇರಲೇಬೇಕೆಂದು ಹಟ ಹಿಡಿಯುತ್ತಿದ್ದ. ಆ ಹಟ ನ್ಯಾಯವಾದದ್ದು.

ಹಾಸ್ಯಕ್ಕೆ ಇನ್ನೂ ಒಂದು ಅಗತ್ಯವಿದೆ: ಇಬ್ಬರು ಒಂದೇ ಚೌಕಟ್ಟಿನಲ್ಲಿರಬೇಕು. ಎರಡನೆಯ ಅಂಕದಲ್ಲಿ ಸಿಮೋನ್ ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಂಡು ರಾಟೆಯ ಮುಂದೆ ಕೂತು ತೂಕಡಿಸುತ್ತಾಳೆ. ಲೀಜ್ ಮೆಲ್ಲಗೆ ಕೈಗೆ ಕೈ ಹಾಕಲು ಬರುತ್ತಾಳೆ, ತಾಯಿ ಕಣ್ಣು ಬಿಡುತ್ತಾಳೆ. ಮನೆಯ ಬಾಗಿಲು ಮೇಲೊಂದು ಕೆಳಗೊಂದು ಎಂದು ಎರಡು ತುಂಡಾಗಿ ತೆರೆಯುವಂಥದು. ಮೇಲಿನ ಅರ್ಧ ತೆರೆದು ಅಲ್ಲಿ ಕೊಲಾನ ತಲೆ ಕಾಣುತ್ತದೆ. ತಾಯಿ ನಿದ್ದೆಗಣ್ಣಿನಲ್ಲಿ ಖಂಜರ ಬಾರಿಸುತ್ತಿದ್ದರೆ ಮಗಳು ಅವಳಿಗಾಗಿ ಕುಣಿಯುವ ನೆಪದಲ್ಲಿ ಅವನತ್ತ ಜಾರುತ್ತಾಳೆ. ಇಲ್ಲಿ ಕ್ಯಾಮೆರಾ ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು, ಒಮ್ಮೆ ಬಾಗಿಲನ್ನು ಬೇರೆ ಬೇರೆ ತೋರಿಸಿದರೆ ಕಥೆ ಅರ್ಥವಾಗುತ್ತದೆ, ನಗೆ ಮಾತ್ರ ಬಾರದು. ಮೂವರನ್ನೂ ಒಟ್ಟಿಗೆ ಹಿಡಿದು ಸುಮ್ಮನೆ ನಿಂತರೆ ನಮ್ಮ ಕಣ್ಣು ತಾನೇ ಅತ್ತ ಇತ್ತ ಓಡುತ್ತದೆ, ಎಲ್ಲಿ ಸಿಕ್ಕಿಬೀಳುತ್ತಾಳೋ ಎಂದು ಎದೆ ಹಾರುತ್ತದೆ. ನೀವು ಮುಂದೆ ಯಾವ ನೃತ್ಯಚಿತ್ರವನ್ನು ನೋಡಿದರೂ ಕ್ಯಾಮೆರಾ ಎಲ್ಲಿ ಕತ್ತರಿಸಿತು, ಎಲ್ಲಿ ತಾಳ್ಮೆಯಿಂದ ನಿಂತಿತು ಎಂಬುದರ ಮೇಲೆ ಒಂದು ಕಣ್ಣಿಡಿ.

ಆಷ್ಟನ್‌ನ ಈ ಬ್ಯಾಲೆಗೆ ಹಲವು ಚಿತ್ರೀಕರಣಗಳಿವೆ. 1962ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಕಪ್ಪು ಬಿಳುಪಿನ ಚಿತ್ರದಲ್ಲಿ ಮೊದಲ ತಂಡದವರೇ ಇದ್ದಾರೆ: ಲೀಜ್ ಆಗಿ ನಾಡಿಯಾ ನೆರಿನಾ, ಕೊಲಾ ಆಗಿ ಡೇವಿಡ್ ಬ್ಲೇರ್, ಸಿಮೋನ್ ಆಗಿ ಸ್ಟ್ಯಾನ್ಲಿ ಹೋಲ್ಡನ್, ಅಲೆನ್ ಆಗಿ ಗ್ರ್ಯಾಂಟ್. ರಿಬ್ಬನ್ ಅಲ್ಲಿ ಗುಲಾಬಿಯಲ್ಲ, ಬೂದಿ ಬಣ್ಣ, ಕೊಡೆಯೂ ಕೆಂಪಲ್ಲ. ಹಾಗಿದ್ದರೂ ಯಾರ ಮೈ ಅಳತೆಗೆ ಈ ಹೆಜ್ಜೆಗಳನ್ನು ಹೊಲಿಯಲಾಯಿತೋ ಅವರನ್ನೇ ನೋಡುವ ಭಾಗ್ಯ ಅದರಲ್ಲಿದೆ. ಡೋಬರ್ವಾಲ್‌ನ ಕಾಲಕ್ಕೆ ಇಂಥದೊಂದು ಇದ್ದಿದ್ದರೆ! 1981ರ ಚಿತ್ರದಲ್ಲಿ ಲೆಸ್ಲಿ ಕಾಲಿಯರ್ ಮತ್ತು ಮೈಕೇಲ್ ಕೋಲ್ಮನ್, 2005ರದರಲ್ಲಿ ಮರಿಯನೆಲಾ ನೂನ್ಯೆಸ್ ಮತ್ತು ಕಾರ್ಲೋಸ್ ಅಕೋಸ್ಟಾ, 2015ರದರಲ್ಲಿ ನತಾಲಿಯಾ ಒಸಿಪೋವಾ ಮತ್ತು ಸ್ಟೀವನ್ ಮೆಕ್ರೇ ಮುಖ್ಯ ಪಾತ್ರಗಳಲ್ಲಿದ್ದಾರೆ. ಹೊಸಬರಿಗೆ ನಾನು 2005ರ ಚಿತ್ರವನ್ನು ಹೇಳುತ್ತೇನೆ. ಅಕೋಸ್ಟಾನ ಹಾರಿಕೆಯಲ್ಲಿ ಬಿಂಕವಿಲ್ಲದ ಸಂತೋಷವಿದೆ. ನೂನ್ಯೆಸ್ ಮುಖದಲ್ಲಿ ಮನಸ್ಸು ಓದಬಹುದು. ಅವಸರವಿದ್ದವರು ಮೊದಲು ಮರದಟ್ಟೆಯ ಕುಣಿತವನ್ನಷ್ಟೇ ನೋಡಲಿ. ಉಳಿದದ್ದನ್ನು ನೋಡಿ ಎಂದು ಮತ್ತೆ ಯಾರೂ ಹೇಳಬೇಕಾಗುವುದಿಲ್ಲ.

ಕೊನೆಗೆ ಒಂದು ಕಷ್ಟದ ಪ್ರಶ್ನೆ. ಅಲೆನ್‌ನನ್ನು ನೋಡಿ ನಗಬಹುದೇ? ಅವನು ಬುದ್ಧಿ ಬಲಿಯದವನು. ಹೊಲದ ದೃಶ್ಯದಲ್ಲಿ ಕೊಯ್ಲಿನವರು ಅವನನ್ನು ಗೇಲಿ ಮಾಡುತ್ತಾರೆ. ನಾವು ನಮ್ಮ ಶಾಲೆಯ ಅಂಗಳಗಳಲ್ಲಿ ಇಂಥ ಗೇಲಿಯನ್ನು ನೋಡಿದವರೇ. ಅದರಲ್ಲಿ ಕೈ ಸೇರಿಸಿದವರೂ ಇರಬಹುದು. ಇಂದು ಈ ಪಾತ್ರವನ್ನು ನೋಡಿ ಮನಸ್ಸು ಮುದುಡಿಕೊಳ್ಳುವವರಿದ್ದಾರೆ. ಆ ಮುಜುಗರ ತಪ್ಪಲ್ಲ ಎಂದೇ ನಾನು ಹೇಳುವೆ. ಕೆಟ್ಟ ನಟನ ಕೈಗೆ ಸಿಕ್ಕರೆ ಅಲೆನ್ ಬರಿಯ ಅಪಹಾಸ್ಯದ ವಸ್ತುವಾಗುತ್ತಾನೆ. ಆದರೆ ಆಷ್ಟನ್ ಅವನ ಪಾತ್ರವನ್ನು ಹೇಗೆ ನಡೆಸಿದ್ದಾನೆಂದು ಗಮನಿಸಿ. ಅಲೆನ್ ಯಾರಿಗೂ ಕೇಡು ಬಯಸುವುದಿಲ್ಲ. ಹೆಣ್ಣು ನೋಡಲು ಬಂದದ್ದು ಅಪ್ಪನ ಅಪ್ಪಣೆಯಿಂದ, ಆಸೆಯಿಂದಲ್ಲ. ಕೊಡೆಯನ್ನು ಎರಡು ಕಾಲ ನಡುವೆ ಇಟ್ಟು ಕುದುರೆ ಸವಾರಿ ಮಾಡುವಾಗ ಅವನಷ್ಟು ಸುಖಿ ಆ ಊರಿನಲ್ಲಿ ಇನ್ನೊಬ್ಬನಿಲ್ಲ. ಬಿರುಗಾಳಿ ಎದ್ದಾಗ ಅದೇ ಕೊಡೆ ಅವನನ್ನು ಎತ್ತಿಕೊಂಡು ಆಕಾಶಕ್ಕೆ ಹಾರುತ್ತದೆ. ಮದುವೆಯ ಮಾರುಕಟ್ಟೆಯಲ್ಲಿ ಲೀಜ್ ಹೇಗೆ ಒಂದು ಸರಕೋ ಅವನೂ ಹಾಗೆಯೇ ಒಂದು ಸರಕು. ಕೋಣೆಯ ಬಾಗಿಲು ತೆರೆದಾಗ ಅವಮಾನವಾಗುವುದು ಅವನಿಗೇ.

ಕರಾರು ಹರಿದ ಸಾಹುಕಾರ ಮಗನನ್ನು ಎಳೆದುಕೊಂಡು ಹೋಗುತ್ತಾನೆ. ಸಿಮೋನ್ ಕರಗುತ್ತಾಳೆ, ಪ್ರೇಮಿಗಳನ್ನು ಹರಸುತ್ತಾಳೆ. ಎಲ್ಲರೂ ಕುಣಿಯುತ್ತ ಹೊರಗೆ ಹೋಗುತ್ತಾರೆ, ಮನೆ ಖಾಲಿಯಾಗುತ್ತದೆ. ಇಲ್ಲಿಗೆ ಮುಗಿಯಿತೆಂದು ಎದ್ದುಬಿಡಬೇಡಿ. ಖಾಲಿ ರಂಗವನ್ನು ಕ್ಯಾಮೆರಾ ನೋಡುತ್ತ ನಿಂತಿರುತ್ತದೆ. ಕಿಟಕಿಯಿಂದ ಒಂದು ಕಾಲು ಒಳಗೆ ಬರುತ್ತದೆ. ಅದರ ಹಿಂದೆ ಅಲೆನ್. ಅವನು ಏನನ್ನೋ ಹುಡುಕುತ್ತಾನೆ. ಸಿಕ್ಕುತ್ತದೆ. ಕೆಂಪು ಕೊಡೆಯನ್ನು ಎದೆಗೆ ಅವಚಿಕೊಂಡು ಹೊರಟುಹೋಗುತ್ತಾನೆ, ಪರದೆ ಬೀಳುತ್ತದೆ.